ವಾಸ್ತುವಿದ್ಯಾಲಯದ ಉಪನ್ಯಾಸಗಳಲ್ಲಿ ಮನೆ ಮತ್ತು ನೀರು

ಲಂಡನ್ ನಗರದ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ವಾಸ್ತುವಿದ್ಯಾಲಯವು ಉಪನ್ಯಾಸಗಳಿಂದಲೇ ಹುಟ್ಟಿ ಬೆಳೆದ ಸಂಸ್ಥೆ. ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ಹಣ ತೆತ್ತು ಉಮೇದುವಾರರಾಗಿ ಸೇರಿ, ಅಲ್ಲಿ ದೊರೆಯುತ್ತಿದ್ದ ಶಿಕ್ಷಣದಿಂದ ತೃಪ್ತರಾಗದ ಕೆಲವು ಮಂದಿ ತರುಣರು ೧೮೪೭ರಲ್ಲಿ ಒಂದೆಡೆ ಕೂಡಿ, ತಮ್ಮ ವಿದ್ಯೆಯನ್ನು ತಾವೇ ಸಂಪಾದಿಸಿಕೊಳ್ಳುವುದಕ್ಕೆ ಮೊದಲುಮಾಡಿದರು. ಹತ್ತು ವರ್ಷಗಳೊಳಗೆ ಆ ಕೂಟಕ್ಕೆ ಎಷ್ಟು ಗೌರವ ಬಂದಿತೆಂದರೆ, ೧೮೫೭ರ ಜನವರಿಯಲ್ಲಿ ಜಾನ್ ರಸ್ಕಿನ್ನರಂಥವರೇ ಅಲ್ಲಿಗೆ ಬಂದು, ವಾಸ್ತುವಿನಲ್ಲಿ ಕಲ್ಪನಾಶಕ್ತಿಗೆ ಇರುವ ಸ್ಥಾನವನ್ನು ಕುರಿತು ಮಾತನಾಡಿದರು. ಕಲ್ಪನೆ, ಅಲಂಕಾರ, ಶೈಲಿ ಇವೇ ಆ ಕಾಲದ ವಾಸ್ತುವಿಮರ್ಶೆಯ ಮುಖ್ಯ ವಿಷಯಗಳು. ಬಡವನ ಮನೆ, ಆ ಮನೆಗೆ ಬರುವ ನೀರು, ಅಲ್ಲಿಂದ ಹೊರಡುವ ಬಚ್ಚಲು ಇವು ವೈದ್ಯರ ಪಾಲಿಗೂ ಇಂಜಿನಿಯರರ ಪಾಲಿಗೂ ಬಿಟ್ಟ ಮಾತಾಗಿದ್ದುವು.

ಇದೇ ವಿದ್ಯಾಲಯದಲ್ಲಿ ೧೯೫೪ರಲ್ಲಿ ಉಷ್ಣವಲಯದ ವಾಸ್ತುವಿದ್ಯೆಗೆಂದು ಒಂದು ಪ್ರತ್ಯೇಕ ವಿಭಾಗವು ಸ್ಥಾಪಿತವಾಯಿತು. ಮೂರು ವರ್ಷಗಳ ತರುವಾಯ, ೧೯೫೭ರಲ್ಲಿ, ಅದರ ಮುಖ್ಯಸ್ಥರಾಗಿ ಬಂದವರು ಡಾಕ್ಟರ್ ಓಟೋ ಕೋನಿಗ್ಸ್‌ಬರ್ಗರ್. ಇವರು ೧೯೩೯ರಿಂದ ೧೯೪೮ರ ವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಗಳಾಗಿ ಬೆಂಗಳೂರಿನಲ್ಲಿ ಇದ್ದವರು. ಆಫ್ರಿಕ, ಏಷ್ಯಾ ಖಂಡಗಳ ಅನೇಕ ದೇಶಗಳ ತರುಣರು ತಮ್ಮ ಊರಿನ ಬಿಸಿಲು ಮಳೆಗಳಿಗೆ ತಕ್ಕ ಮನೆ ಕಟ್ಟುವ ಬಗೆಯನ್ನು ಕಲಿಯುವುದಕ್ಕಾಗಿ ಲಂಡನ್ನಿಗೆ ಹೋದಾಗ, ಅಲ್ಲಿ ಅವರಿಗೆ ಪಾಠ ಹೇಳಿದವರ ಅನುಭವದಲ್ಲಿ ಒಂದು ದೊಡ್ಡ ಪಾಲು ನಮ್ಮ ನಾಡಿನಲ್ಲಿ ಗಳಿಸಿದ್ದು. ಈ ಸಂಗತಿ ನಮ್ಮವರ ಗಮನಕ್ಕೆ ಬಂದಿರುವುದು ಅಲ್ಪ. ಆದರೆ ಅಭಿಮಾನಪಡುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಯೊಂದುಂಟು. ಆ ಉಪನ್ಯಾಸಗಳು ನಮ್ಮ ದೇಶದಿಂದ ಯಾವುದನ್ನು ಕೊಂಡೊಯ್ದುವು, ಯಾವುದನ್ನು ಇಲ್ಲಿಯೇ ಬಿಟ್ಟುಹೋದುವು? ಮನೆಯ ವಿಚಾರವು ಕಡಲನ್ನು ದಾಟಿತು, ನೀರಿನ ವಿಚಾರವು ಪೂರ್ಣವಾಗಿ ದಾಟಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಒಂದು ಹಳೆಯ ಶಾಸನದ ಮಾತು. ಕಡಪ ಜಿಲ್ಲೆಯ ಪೊರುಮಾಮಿಳ್ಳದ ಕೆರೆಯ ಶಾಸನವು ಕ್ರಿ. ಶ. ೧೩೬೯ರದು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಆ ಕೆರೆಯನ್ನು ಕಟ್ಟಿಸಿದನು. ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ವಂಶಸ್ತುತಿ, ಫಲಶ್ರುತಿಗಳು ಇದರಲ್ಲಿಯೂ ಇರುವುವು. ಆದರೆ ಇದರ ವೈಶಿಷ್ಟ್ಯವು ಬೇರೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕೆಂದೂ, ಆರು ದೋಷಗಳು ಇರಕೂಡದೆಂದೂ ಈ ಸಂಸ್ಕೃತ ಶಾಸನವು ಕ್ರಮವಾಗಿ ಎಣಿಸಿ ಹೇಳುತ್ತದೆ. ಧರ್ಮಿಷ್ಠನೂ ಧನವಂತನೂ ಕೀರ್ತಿಕಾಮನೂ ಆದ ಅರಸನು ಮೊದಲನೆಯ ಅಂಗ. ಪಾಥಶ್ಶಾಸ್ತ್ರವನ್ನು, ಎಂದರೆ ಜಲಶಾಸ್ತ್ರವನ್ನು, ಬಲ್ಲ ಬ್ರಾಹ್ಮಣನು ಎರಡನೆಯದು. ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ಅತಿ ಉದ್ದವಲ್ಲದ ಭದ್ರವಾದ ಕಲ್ಲಿನ ಏರಿ, ಹತ್ತಿರದಲ್ಲಿಯೇ ನೀಳವಾದ ಕಲ್ಲು ದೊರೆಯುವ ಗಣಿ, ಸಮತಟ್ಟಾದ ಫಲವತ್ತಾದ ಹೊಲಗಳು, ಕಡೆಗೆ ಈ ಕೆಲಸದಲ್ಲಿ ನುರಿತ ಆಳುಗಳ ಗುಂಪು, ಇವೆಲ್ಲ ಆ ಎಣಿಕೆಯಲ್ಲಿ ಸೇರಿವೆ. ದೋಷಗಳ ಪಟ್ಟಿಯು ಇನ್ನೂ ಸ್ವಾರಸ್ಯವಾದುದು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ಕೆರೆಯ ನಡುವೆ ದಿಣ್ಣೆ ಇರುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗುವುದು. ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಶಾಸನವು ಲೆಕ್ಕವನ್ನೂ ಕೊಡುತ್ತದೆ.

ಇದನ್ನು ಇಲ್ಲಿ ವಿಸ್ತರಿಸಿ ಹೇಳುವುದಕ್ಕೆ ಕಾರಣವುಂಟು. ಈ ಶಾಸನವು ದಾನಪತ್ರ ಮಾತ್ರವೇ ಅಲ್ಲ. ಕಲ್ಲಿನ ಮೇಲೆ ಬರೆದು ಬಯಲಿನಲ್ಲಿ ನಿಲ್ಲಿಸಿದ ಒಂದು ಪಾಠ. ಇದರಲ್ಲಿ ನೀರು ಯಂತ್ರವಿದ್ಯೆಯ ವಿಷಯ ಮಾತ್ರವಾಗಿಲ್ಲ. ಅರಸ, ಶಾಸ್ತ್ರಜ್ಞ, ಕೂಲಿಯಾಳು, ಮಣ್ಣು, ಕಲ್ಲು, ರಾಜ್ಯದ ಎಲ್ಲೆ, ನೀರಿಗೂ ನೆಲಕ್ಕೂ ಇರಬೇಕಾದ ಪ್ರಮಾಣ, ಇಷ್ಟೂ ಒಂದೇ ವಿಚಾರವೆಂದು ಭಾವಿಸಿ ಹೇಳಿದೆ. ಈ ಸಮಗ್ರದೃಷ್ಟಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯನ್ನು ಅಳೆಯುವುದಕ್ಕೆ ನಮಗೊಂದು ಅಳತೆಗೋಲು ದೊರೆಯುವುದು.

ಇಪ್ಪತ್ತನೆಯ ಶತಮಾನದಲ್ಲಿ ಇಂಥ ಸಮಗ್ರದೃಷ್ಟಿಯಿಂದ ನಮ್ಮ ಪಟ್ಟಣಗಳನ್ನು ನೋಡಿದ ಪರದೇಶದವರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅಗ್ರಗಣ್ಯರು. ಸ್ಕಾಟ್ಲೆಂಡಿನವರಾದ ಇವರು ಮೂಲತಃ ಜೀವಶಾಸ್ತ್ರಜ್ಞರು. ಪಟ್ಟಣವೆಂಬುದು ಬದುಕಿರುವ ವಸ್ತು, ಅದರ ರೋಗಕ್ಕೆ ಮದ್ದು ಕೊಡುವ ಮುಂಚೆ ನಾಡಿ ನೋಡಬೇಕು ಎಂಬುದು ಅವರ ನಿಲವು. ಮದರಾಸಿನ ಗವರ್ನರರಾಗಿದ್ದ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇಲೆ ೧೯೧೪ರಲ್ಲಿ ಅವರು ಇಂಡಿಯಾಕ್ಕೆ ಹೊರಟರು. ಅನೇಕ ವರ್ಷಗಳಿಂದ ಕೂಡಿಸಿದ್ದ ನಕ್ಷೆ, ಚಿತ್ರ, ಪ್ರತಿಕೃತಿಗಳ ನಗರಪ್ರದರ್ಶನವು ಕ್ಲಾನ್ ಗ್ರಾಂಟ್ ಎಂಬ ಬೇರೊಂದು ಹಡಗಿನಲ್ಲಿ ಬರುತ್ತಿತ್ತು. ಯುದ್ಧವು ಆಗತಾನೆ ಮೊದಲಾಗಿತ್ತು. ಅಕ್ಟೋಬರಿನಲ್ಲಿ ಜರ್ಮನರ ಎಂಡನ್ ನೌಕೆಯು ಆ ಹಡಗನ್ನು ಮುಳುಗಿಸಿಬಿಟ್ಟಿತು. ಮದರಾಸಿನ ಸಮುದ್ರತೀರದ ಮೇಲೆ ಗುಂಡು ಹಾರಿಸಿ ಜನರ ಬಾಯಲ್ಲಿ ಗಾದೆಯಾಗಿ ಉಳಿದ ಎಂಡನ್ ನೌಕೆಯೇ ಇದು. ಗೆಡ್ಡಿಸರು ಧೃತಿಗೆಡಲಿಲ್ಲ. ಸ್ನೇಹಿತರು ಇಂಗ್ಲೆಂಡಿನಲ್ಲಿ ಮತ್ತೆ ಕೂಡಿಸಿ ಕಳುಹಿಸಿದ ಸಾಮಗ್ರಿಯಿಂದ ೧೯೧೫ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸೆನೆಟ್ ಭವನದಲ್ಲಿ ಪ್ರದರ್ಶನವು ತೆರೆಯಿತು.

ಗೆಡ್ಡಿಸರು ವೇದಿಕೆಯ ಮೇಲೆ ಒಳ್ಳೆಯ ಉಪನ್ಯಾಸಕರಾಗಿರಲಿಲ್ಲವೆಂದು ಅವರನ್ನು ಕೇಳಿದವರೆಲ್ಲರೂ ಒಪ್ಪಿರುತ್ತಾರೆ. ಮಾತು ಗಡ್ಡದೊಳಗೇ ಉಳಿದು, ಹಿಂದಿನ ಸಾಲಿನವರಿಗೆ ಏನೂ ಕೇಳಿಸುತ್ತಿರಲಿಲ್ಲವಂತೆ. ಆದುದರಿಂದಲೋ ಏನೋ, ಅವರು ಪ್ರದರ್ಶನದ ಗೋಡೆಗಳ ಮುಂದೆ ನಡೆಯುತ್ತಲೂ, ಊರಿನ ಬೀದಿಗಳಲ್ಲಿ ತಿರುಗುತ್ತಲೂ ಪಾಠ ಹೇಳುವುದನ್ನು ಇಷ್ಟಪಡುತ್ತಿದ್ದರು. ಅದೇ ವರ್ಷ ಮದರಾಸು ಪ್ರಾಂತ್ಯದ ಊರುಗಳನ್ನು ಸುತ್ತಿ ಅವರು ವರದಿಗಳನ್ನು ಬರೆದರು. ಮಧುರೆ, ತಂಜಾವೂರುಗಳ ಜತೆಗೆ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದು ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು.

ಆ ವರದಿಗಳ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ೧೮೯೬ರಲ್ಲಿ ಬೊಂಬಾಯಿಯಲ್ಲಿ ತೋರಿದ ಪ್ಲೇಗು ೧೮೯೮ರಲ್ಲಿ ಬೆಂಗಳೂರಿಗೂ ಬಂದಿತು. ಊರಿನ ಇಕ್ಕಟ್ಟೇ ರೋಗಕ್ಕೆ ಕಾರಣವೆಂದು ಬಗೆದು, ಅಧಿಕಾರಿಗಳು ಹಳೆಯ ಕೇರಿಗಳನ್ನು ಸೀಳಿ ಅಗಲವಾದ ರಸ್ತೆಗಳನ್ನು ಹಾಕುವುದಕ್ಕೆ ತೊಡಗಿದರು. ಇನ್ನೊಂದು ಕಡೆ, ಸೊಳ್ಳೆಯಿಂದ ಮಲೇರಿಯಾ ಹರಡುವುದೆಂದು ರೊನಾಲ್ಡ್ ರಾಸರು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ಮೇಲೆ, ಊರೊಳಗಿನ ಕೆರೆಕಟ್ಟೆಗಳೂ ಬಾವಿಗಳೂ ಸಂಶಯಕ್ಕೆ ಗುರಿಯಾದುವು. ಮುಚ್ಚುವುದೇ ಸುಲಭವಾದ ಉಪಾಯವೆಂದು ಅನೇಕರಿಗೆ ತೋರಿತು.

ಗೆಡ್ಡಿಸರು ಈ ಎರಡು ಉಪಾಯಗಳನ್ನೂ ವಿರೋಧಿಸಿದರು. ಕೇರಿಯನ್ನು ಕೆಡವಿದರೆ ಅಲ್ಲಿಯ ಬಡವರು ಮಾಯವಾಗುವುದಿಲ್ಲ. ಪಕ್ಕದ ಕೇರಿಯಲ್ಲಿ ಇನ್ನಷ್ಟು ಇಕ್ಕಟ್ಟಾಗಿ, ಇನ್ನಷ್ಟು ಬಾಡಿಗೆ ಕೊಟ್ಟು ವಾಸಮಾಡುತ್ತಾರೆ ಎಂದು ಅವರು ಎತ್ತಿ ತೋರಿಸಿದರು. ಅದಕ್ಕೆ ಬದಲಾಗಿ ಮನೆಮನೆಯನ್ನೂ ನೋಡಿ, ಬಿದ್ದುಹೋದ ಒಂದೆರಡನ್ನು ಮಾತ್ರ ತೆಗೆದು, ಉಳಿದವಕ್ಕೆ ಗಾಳಿ ಬೆಳಕು ಬರುವಂತೆ ಚಿಕ್ಕ ಬಯಲುಗಳನ್ನು ಬಿಡಿಸಿ, ಮರ ನೆಡುವ ಕ್ರಮವನ್ನು ಸೂಚಿಸಿದರು. ಅಂಗವನ್ನು ಉಳಿಸಿ ಮಾಡುವ ಶಸ್ತ್ರಚಿಕಿತ್ಸೆಯೆಂಬುದು ಇದಕ್ಕೆ ಅವರು ಇಟ್ಟ ಹೆಸರಿನ ಭಾವ. ಕೆರೆಗಳ ವಿಚಾರದಲ್ಲಿಯೂ ಹಾಗೆಯೇ. ಬೊಂಬಾಯಿ ಪ್ರಾಂತ್ಯದ ಪಟ್ಟಣಗಳನ್ನು ಕುರಿತು ೧೯೧೫ರಲ್ಲಿಯೇ ಬರೆದ ವರದಿಯಲ್ಲಿ, ಸೊಳ್ಳೆಗೆ ಹೆದರಿ ಕೆರೆಯನ್ನು ಮುಚ್ಚಬೇಕಾಗಿಲ್ಲ, ಮರಿಗಳನ್ನು ತಿಂದುಹಾಕುವಷ್ಟು ಮೀನನ್ನೂ ಬಾತುಕೋಳಿಯನ್ನೂ ಬಿಟ್ಟರೆ ಸಾಕು ಎಂದು ಅವರು ವಾದಿಸಿದರು. ಬೇಸಗೆಯಲ್ಲಿ ಊರನ್ನು ತಂಪಾಗಿಡುವುದೂ ಕೆರೆಯೇ ಎಂದು ಅವರು ಬಲ್ಲರು. ಹಳೆಯ ಬಾವಿಗಳನ್ನು ಕುರಿತು ಮತ್ತೊಂದು ಕಡೆ ಅವರು ಕೊಟ್ಟ ಉಪಮಾನವು ಮನಸ್ಸಿನಲ್ಲಿ ನಿಲ್ಲುವಂಥದು: ಅವು ನಮ್ಮ ಹಿರಿಯರು ನಮ್ಮ ಹೆಸರಿನಲ್ಲಿ ಮಾಡಿಸಿಟ್ಟ ಜೀವವಿಮೆ. ಕೊಳಾಯಿಯು ಎಂದಾದರೊಂದು ದಿನ ಕೆಡದೆ ಇರದು. ಆ ದಿನಕ್ಕೆ ಬಾವಿ ಬೇಕು.

ಇಂದೂರಿನಲ್ಲಿ ಅವರು ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ೧೯೧೭ರಲ್ಲಿ ಹೋಳ್ಕರರ ದರಬಾರಿನ ಆಹ್ವಾನದ ಮೇಲೆ ಅಲ್ಲಿಗೆ ಹೋದಾಗ ಊರಿನಲ್ಲಿ ಪ್ಲೇಗಿನ ಭಯವಿತ್ತು. ಕೈಯಲ್ಲಿ ನಕ್ಷೆ ಹಿಡಿದು ಬೀದಿಬೀದಿ ಅಲೆಯುವ ಈ ಪರದೇಶಿಯನ್ನು ಕಂಡರೆ ಜನಕ್ಕೆ ಸಂಶಯ. ಗೆಡ್ಡಿಸರು ಭಾಷಣ ಮಾಡುವ ಗೋಜಿಗೆ ಹೋಗಲಿಲ್ಲ. ದೀಪಾವಳಿಯ ಉತ್ಸವವನ್ನು ತಮ್ಮ ಕೈಗೆ ತೆಗೆದುಕೊಂಡು, ಮೆರವಣಿಗೆಯು ವಾಡಿಕೆಯ ದಾರಿಯಲ್ಲಿ ಹೋಗದೆ, ಯಾವ ಬೀದಿಯ ಮನೆಗಳನ್ನು ಹೆಚ್ಚು ಗುಡಿಸಿ ಸಾರಿಸಿ ದುರಸ್ತು ಮಾಡಿರುವರೋ ಆ ಬೀದಿಯಲ್ಲಿ ಹೋಗುವುದೆಂದು ಸಾರಿಸಿದರು. ಊರಿಗೆ ಊರೇ ಕಸ ಹೊರಹಾಕುವುದರಲ್ಲಿ ತೊಡಗಿತು. ಮೆರವಣಿಗೆಯಲ್ಲಿ ಕೊಳೆಯೆಂಬ ರಕ್ಕಸನೂ, ಪ್ಲೇಗಿನ ದೊಡ್ಡ ಇಲಿಯೂ ಬಂದುವು. ಊರನ್ನು ಗುಡಿಸುವ ಜನರು ಬಿಳಿಯ ಬಟ್ಟೆಯುಟ್ಟು ಹೂವು ಮುಡಿದು ಗೌರವದ ಸ್ಥಾನದಲ್ಲಿ ನಡೆದರು. ಕಡೆಯಲ್ಲಿ ರಕ್ಕಸನನ್ನು ಸುಟ್ಟು, ಜನರಿಗೆ ತುಲಸಿಯ ಸಸಿಗಳನ್ನು ಹಂಚಿದರೆಂದು ವರ್ಣಿತವಾಗಿದೆ. ವಾಸ್ತುವಿಷಯದಲ್ಲಿ ಸಾರ್ವಜನಿಕ ಉಪನ್ಯಾಸವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅದರಲ್ಲಿ ಮಾತೇ ಇರಲಿಲ್ಲವೆಂಬುದು ಬೇರೆ ವಿಷಯ.

೧೯೧೮ರಲ್ಲಿ ಎರಡು ಸಂಪುಟಗಳಾಗಿ ಹೊರಬಿದ್ದ ಇಂದೂರಿನ ವರದಿಯಲ್ಲಿ ಬಚ್ಚಲುನೀರಿನ ವಿಚಾರವು ವಿಸ್ತಾರವಾಗಿದೆ. ಮನೆಗಳ ಕೊಳಚೆಯನ್ನೆಲ್ಲ ಬಹಳ ವೆಚ್ಚದ ಕೊಳವೆಗಳಲ್ಲಿ ಹೊಳೆಗೆ ಸಾಗಿಸುವುದಕ್ಕೆ ಬದಲು, ಸಾಧ್ಯವಾದಷ್ಟನ್ನು ತೋಟಗಳಿಗೆ ಹರಿಸಿ ಗೊಬ್ಬರ ಮಾಡಿಕೊಳ್ಳಬೇಕೆಂಬುದು ಅವರ ಸಿದ್ಧಾಂತ. ಬಚ್ಚಲ ನೀರನ್ನು ಹಿತ್ತಲ ಬಾಳೆಗೂ ಬಸಳೆಯ ಚಪ್ಪರಕ್ಕೂ ತಿರುಗಿಸುವ ನಮ್ಮ ಮನೆಗಳ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಗೆಡ್ಡಿಸರು ಅವರಿಂದಲೇ ಕಲಿತರೆಂದು ಹೇಳುವುದಕ್ಕೆ ಆಧಾರ ಸಾಲದು. ಆದರೆ ನೋಡುವ ಕಣ್ಣು ಅವರಿಗಿತ್ತು. ೧೯೧೯ರಿಂದ ೧೯೨೪ರ ವರೆಗೆ ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರವಿದ್ಯೆಯ ಪ್ರಾಧ್ಯಾಪಕರಾಗಿದ್ದು, ಆಮೇಲೆ ಫ್ರಾನ್ಸಿಗೆ ಹೋಗಿ, ೧೯೩೨ರಲ್ಲಿ ಅವರು ತೀರಿಕೊಂಡರು.

ಅವರ ಇಂಡಿಯಾದ ವರದಿಗಳು ಆಯಾ ಊರಿನ ಕಡತಗಳಲ್ಲಿ ಸೇರಿ ಬಹುಮಟ್ಟಿಗೆ ಮರೆತುಹೋಗಿದ್ದುವು. ಅವುಗಳಿಂದ ಭಾಗಗಳನ್ನು ಆಯ್ದು ೧೯೪೭ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದವರು ಜಾಕ್ವೆಲಿನ್ ಟಿರಿಟ್ ಎಂಬ ವಿದುಷಿ. ಇವರು ಯುದ್ಧಕಾಲದಲ್ಲಿ ಲಂಡನ್ನಿನ ಒಂದು ನಗರಯೋಜನೆಯ ಶಾಲೆಯನ್ನು ನಡೆಯಿಸಿ, ಸೈನ್ಯದಲ್ಲಿದ್ದವರಿಗೆ ಟಪಾಲಿನ ಮೂಲಕ ಪಾಠ ಕಳುಹಿಸುತ್ತಿದ್ದವರು. ೧೯೫೪ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಪರವಾಗಿ ಹೊಸದೆಹಲಿಯಲ್ಲಿ ನಡೆದ ಗೃಹನಿರ್ಮಾಣದ ವಿಚಾರಗೋಷ್ಠಿಯನ್ನೂ, ಕಡಮೆ ವೆಚ್ಚದ ಮನೆಗಳ ಪ್ರದರ್ಶನವನ್ನೂ ಸಜ್ಜುಗೊಳಿಸಿದವರೂ ಇವರೇ. ಮರುವರ್ಷ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿನ್ಯಾಸಶಾಲೆಯನ್ನು ಸೇರಿ ೧೯೬೯ರ ವರೆಗೂ ಅಲ್ಲಿ ಬೋಧಿಸಿದರು. ಹೀಗೆ ಮದರಾಸು, ಬೊಂಬಾಯಿ, ಇಂದೂರುಗಳ ಬೀದಿಗಳಲ್ಲಿ ಹುಟ್ಟಿದ ವಿಚಾರಗಳು ಲಂಡನ್ನಿನ ಮತ್ತು ಅಮೆರಿಕದ ತರಗತಿಗಳಿಗೆ ಮುಟ್ಟಿದ್ದು ಈ ಮಹಿಳೆಯ ಪರಿಶ್ರಮದಿಂದ. ಉಪಕಾರವನ್ನು ಸ್ಮರಿಸುತ್ತಲೇ ಒಂದು ಮಾತು ಹೇಳಬೇಕು. ಆಯ್ದ ಭಾಗಗಳ ಗ್ರಂಥವು ಎಂದಿಗೂ ಮೂಲದ ಸ್ಥಾನದಲ್ಲಿ ನಿಲ್ಲಲಾರದು. ಸಿದ್ಧಾಂತವು ಉಳಿದು, ಆ ಸಿದ್ಧಾಂತವು ಹುಟ್ಟಿದ ಬೀದಿ, ಬಾವಿ, ಕಟ್ಟೆಗಳ ವಿವರ ಹಿಂದಕ್ಕೆ ಸರಿಯುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಗ್ರಹದಲ್ಲಿ ಓದಿಸಿದ ಅಧ್ಯಾಪಕರಿಗೆ ಈ ನಷ್ಟದ ಅನುಭವವು ಹೊಸದಲ್ಲ.

ಇನ್ನು ಕೋನಿಗ್ಸ್‌ಬರ್ಗರರ ವಿಚಾರ. ೧೯೦೮ರಲ್ಲಿ ಬರ್ಲಿನ್ನಿನಲ್ಲಿ ಯಹೂದ್ಯ ಕುಟುಂಬದಲ್ಲಿ ಹುಟ್ಟಿ, ಅಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತು, ೧೯೩೩ರಲ್ಲಿ ಶಿಂಕೆಲ್ ಪಾರಿತೋಷಕವನ್ನು ಪಡೆದರು. ಅದೇ ವರ್ಷ ಹಿಟ್ಲರನ ಸರಕಾರವು ಬಂದು ಅವರಿಗೆ ಸ್ವದೇಶದಲ್ಲಿ ಎಡೆಯಿಲ್ಲದಂತಾಯಿತು. ಈಜಿಪ್ಟಿಗೆ ಹೋಗಿ ಪುರಾತತ್ತ್ವಜ್ಞ ಬೋರ್ಕಾರ್ಟರ ಕೈಕೆಳಗೆ ದುಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತ ಪ್ರಬಂಧಕ್ಕಾಗಿ ಅವರಿಗೆ ಡಾಕ್ಟರ್ ಪದವಿಯು ದೊರೆಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರು ಇವರಿಗೆ ಸೋದರಮಾವ. ಬಾರ್ನರು ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ೧೯೩೫-೩೬ರ ಚಳಿಗಾಲವನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಕಳೆದಿದ್ದರು. ೧೯೩೯ರಲ್ಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಸೋದರಳಿಯನೂ ಬೆಂಗಳೂರಿಗೆ ಬಂದರು.

ಮಿರ್ಜಾರವರ ಅಭಿರುಚಿಯು ಉದ್ಯಾನ, ಕಾರಂಜಿ, ದೀಪಾಲಂಕಾರಗಳ ಕಡೆಗೆ ಒಲಿದದ್ದೆಂಬುದು ಬೃಂದಾವನವನ್ನು ಕಂಡವರಿಗೆಲ್ಲ ತಿಳಿದ ವಿಷಯ. ಬರ್ಲಿನ್ನಿನಿಂದ ಬಂದ ತರುಣನಿಗೆ ಕಲಿಸಿದ್ದು ಅಲಂಕಾರವನ್ನು ಬಿಡುವ ಪಾಠ. ಈ ಎರಡರ ನಡುವೆ ಬೆಂಗಳೂರಿನ ಹವೆಯು ಮಧ್ಯಸ್ಥನಾಗಿ ನಿಂತಿತೆಂದು ಹೇಳಬಹುದು. ಇನ್‌ಸ್ಟಿಟ್ಯೂಟಿನಲ್ಲಿ ಅವರು ಕಟ್ಟಿಸಿದ ವಿಮಾನಶಾಸ್ತ್ರದ ವಿಭಾಗ, ಲೋಹಶಾಸ್ತ್ರದ ವಿಭಾಗ, ಊಟದ ಮನೆ ಇವುಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ನೆರಳು. ಕಿಟಕಿಯ ಮೇಲೆ ಚಾಚಿದ ಸಜ್ಜೆ, ಗಾಳಿಗೆ ಎದುರಾಗಿ ತೆರೆದ ಪಡಸಾಲೆ, ಬಿಸಿಲಿನ ದಿಕ್ಕನ್ನು ಬಿಟ್ಟು ತಿರುಗಿಸಿದ ಉದ್ದನೆಯ ಗೋಡೆ. ಸೂರ್ಯನ ದಾರಿಯನ್ನು ಲೆಕ್ಕಹಾಕಿ ಗೋಡೆಯನ್ನು ನಿಲ್ಲಿಸುವ ಈ ಅಭ್ಯಾಸವು ಲಂಡನ್ನಿನ ಉಪನ್ಯಾಸಗಳಿಗೆ ಬೀಜವಾಯಿತು. ಇದರ ನಡುವೆಯೇ ಟಾಟಾ ಕಂಪನಿಗಾಗಿ ಜಮ್‌ಷೆಡ್‌ಪುರದ ವಿಸ್ತರಣೆಯ ಯೋಜನೆಯನ್ನೂ, ೧೯೪೮ರಲ್ಲಿ ಭುವನೇಶ್ವರದ ನಕ್ಷೆಯನ್ನೂ ಅವರು ಸಿದ್ಧಪಡಿಸಿದರು.

ಅದೇ ೧೯೪೮ರಲ್ಲಿ ಕೇಂದ್ರ ಸರಕಾರವು ಅವರನ್ನು ಗೃಹನಿರ್ಮಾಣದ ಡೈರೆಕ್ಟರರನ್ನಾಗಿ ದೆಹಲಿಗೆ ಕರೆಯಿಸಿಕೊಂಡಿತು. ದೇಶ ಇಬ್ಭಾಗವಾಗಿ ಲಕ್ಷಗಟ್ಟಲೆ ಜನ ನಿರಾಶ್ರಿತರಾಗಿದ್ದ ಕಾಲ. ಕಾರ್ಖಾನೆಯಲ್ಲಿಯೇ ಗೋಡೆಯ ಹಲಗೆಗಳನ್ನು ಎರಕಹೊಯ್ದು, ಒಯ್ದು ಜೋಡಿಸಿ, ಬೇಗ ಬೇಗ ಮನೆ ನಿಲ್ಲಿಸುವ ಯೋಜನೆಯು ಮುಂದೆ ಬಂದಿತು. ದೆಹಲಿಯಲ್ಲಿ ಕಾರ್ಖಾನೆಯೇನೋ ಎದ್ದಿತು. ಆದರೆ ಅದರಲ್ಲಿ ತಯಾರಾದ ಹಲಗೆಗಳು ಗಟ್ಟಿಯಾಗಿ ನಿಲ್ಲಲಿಲ್ಲ. ಪಾರ್ಲಿಮೆಂಟಿನಲ್ಲಿ ಆಕ್ಷೇಪಣೆಗಳು ಎದ್ದುವು. ೧೯೫೧ರಲ್ಲಿ ಅವರು ಆ ಕೆಲಸವನ್ನು ಬಿಟ್ಟು ಲಂಡನ್ನಿಗೆ ಹೊರಟುಹೋದರು. ಅವರ ಜೀವನವನ್ನು ಬರೆಯುವವರು ಈ ಪ್ರಸಂಗವನ್ನು ಅಪಜಯವೆಂದು ಎಣಿಸಿ ಮುಂದೆ ಸಾಗುವುದುಂಟು. ನನಗೆ ಹಾಗೆ ತೋರುವುದಿಲ್ಲ. ಅವರ ಮುಂದಿನ ಬೋಧನೆಯನ್ನೆಲ್ಲ ಈ ಒಡೆದ ಹಲಗೆಗಳ ಮೇಲೆ ಬರೆದ ಭಾಷ್ಯವೆಂದು ಓದಿದರೆ ಅದರ ಅರ್ಥವು ತಾನಾಗಿ ಬಿಚ್ಚಿಕೊಳ್ಳುವುದು.

ಲಂಡನ್ನಿನಲ್ಲಿ ಆ ವಿಭಾಗವು ಹುಟ್ಟಿದ ಬಗೆಯು ಆಸಂಸ್ಥೆಯ ೧೮೪೭ರ ಜನ್ಮವೃತ್ತಾಂತವನ್ನೇ ಹೋಲುತ್ತದೆ. ಆಗ ಇಂಗ್ಲೆಂಡಿನಲ್ಲಿ ಓದುತ್ತಿದ್ದ ಅಡೆಡೊಕುನ್ ಅಡೆಯೆಮಿ ಎಂಬ ನೈಜೀರಿಯಾ ದೇಶದ ವಿದ್ಯಾರ್ಥಿಯು, ಇಲ್ಲಿ ಕಲಿಯುವುದು ತನ್ನ ದೇಶದಲ್ಲಿ ಕೆಲಸಕ್ಕೆ ಬಾರದೆಂದು ದೂರಿದನು. ಆ ಅಸಮಾಧಾನವೇ ೧೯೫೩ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣವಲಯದ ವಾಸ್ತುವನ್ನು ಕುರಿತು ನಡೆದ ಸಮ್ಮೇಳನಕ್ಕೆ ಪ್ರೇರಣೆಯಾಯಿತು. ಮರುವರ್ಷ ವಿಭಾಗವು ತೆರೆದಾಗ ಮೊದಲ ಮುಖ್ಯಸ್ಥರಾದವರು ಪಶ್ಚಿಮ ಆಫ್ರಿಕದಲ್ಲಿಯೂ ಚಂಡೀಗಢದಲ್ಲಿಯೂ ಕೆಲಸಮಾಡಿದ್ದ ಮ್ಯಾಕ್ಸ್‌ವೆಲ್ ಫ್ರೈ. ಮೂರು ವರ್ಷಗಳ ಮೇಲೆ ಕೋನಿಗ್ಸ್‌ಬರ್ಗರರು ಬಂದರು. ಆ ಕಾಲದಲ್ಲಿ ಅಲ್ಲಿ ಓದಿದವರಲ್ಲಿ ಢಾಕಾದ ಮುಜ್ಹರುಲ್ ಇಸ್ಲಾಮರೂ ಒಬ್ಬರು. ವಿಭಾಗವು ಹೆಸರನ್ನೂ ವ್ಯಾಪ್ತಿಯನ್ನೂ ಬದಲಾಯಿಸಿಕೊಳ್ಳುತ್ತ, ೧೯೭೧ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ವರ್ಗವಾಗಿ ಅಭಿವೃದ್ಧಿ ಯೋಜನೆಯ ಶಾಲೆಯಾಯಿತು. ಕೋನಿಗ್ಸ್‌ಬರ್ಗರರು ೧೯೯೯ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಉಪನ್ಯಾಸಗಳ ನಡುವೆ ಅವರು ಸಂಯುಕ್ತ ರಾಷ್ಟ್ರಸಂಸ್ಥ���ಯ ಪರವಾಗಿ ದೇಶದೇಶಗಳಿಗೆ ಹೋಗುತ್ತಿದ್ದರು. ೧೯೫೪-೫೫ರಲ್ಲಿ, ಈಗ ಘಾನಾ ಎನ್ನಿಸಿಕೊಂಡಿರುವ ಗೋಲ್ಡ್ ಕೋಸ್ಟಿಗೆ ಚಾರ್ಲ್ಸ್ ಏಬ್ರಮ್ಸ್, ವ್ಲಾದಿಮಿರ್ ಬೋಡಿಯಾನ್‌ಸ್ಕಿ ಎಂಬವರೊಡನೆ ಹೋಗಿ ಕೊಟ್ಟ ಸಲಹೆಯು ಪ್ರಸಿದ್ಧವಾದುದು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಚೆನ್ನಾಗಿ ಕಟ್ಟಬಲ್ಲರು. ಅವರ ಕೈಗೆ ಎಟುಕದಿದ್ದುದು ಬಾಳಿಕೆ ಬರುವ ಮಾಡು. ಆದುದರಿಂದ ಸರಕಾರವು ಮನೆ ಕಟ್ಟಿಸಿಕೊಡುವ ಗೊಡವೆಯನ್ನು ಬಿಟ್ಟು, ಮಾಡಿಗೆ ಮಾತ್ರ ಸಾಲ ಕೊಡಲಿ ಎಂದು ಈ ಮೂವರು ಹೇಳಿದರು. ದೆಹಲಿಯಲ್ಲಿ ಇಡೀ ಮನೆಯನ್ನು ಕಾರ್ಖಾನೆಯಿಂದ ಹೊರಡಿಸಹೋಗಿ ಸೋತವರು, ನಾಲ್ಕು ವರ್ಷಗಳೊಳಗೆ ಮಾಡಿಗೆ ಬಂದು ನಿಂತರು. ಜನರು ತಾವೇ ಮಾಡಬಲ್ಲದ್ದು ಯಾವುದು, ಮಾಡಲಾರದ್ದು ಯಾವುದು ಎಂದು ಮೊದಲು ವಿಂಗಡಿಸಬೇಕೆಂಬ ಈ ವಿವೇಕವು ಆಮೇಲೆ ಅವರ ಬೋಧನೆಯ ತಿರುಳಾಯಿತು.

ಈ ವಿಂಗಡಣೆಯನ್ನು ಇನ್ನೂ ಮುಂದಕ್ಕೆ ಒಯ್ದ ಉದಾಹರಣೆಯು ನಮ್ಮ ದೇಶದಲ್ಲಿಯೇ ಇದೆ. ಅದೂ ಗೆಡ್ಡಿಸರ ಇಂದೂರಿನಲ್ಲಿ. ೧೯೬೨ರಲ್ಲಿ ಅಹಮದಾಬಾದಿನಲ್ಲಿ ವಾಸ್ತುವಿದ್ಯಾಲಯವನ್ನು ಸ್ಥಾಪಿಸಿದ ಬಾಲಕೃಷ್ಣ ದೋಶಿಯವರು ೧೯೮೦ರ ದಶಕದಲ್ಲಿ ಅಲ್ಲಿ ಅರಣ್ಯ ಎಂಬ ಬಡಾವಣೆಯನ್ನು ಯೋಜಿಸಿದರು. ಸುಮಾರು ೮೫ ಹೆಕ್ಟೇರಿನಲ್ಲಿ ೬,೫೦೦ ನಿವೇಶನಗಳು. ಅತ್ಯಂತ ಬಡವರಿಗೆ ಅಲ್ಲಿ ಕೊಟ್ಟದ್ದು ಮನೆಯಲ್ಲ. ಒಂದು ಜಗಲಿಯಷ್ಟು ತಳಪಾಯ, ಒಂದು ನಲ್ಲಿ, ಒಂದು ಕಕ್ಕಸು. ಇಪ್ಪತ್ತು ಮನೆಗಳಿಗೊಂದರಂತೆ ಮಲದ ಗುಂಡಿ. ಎತ್ತರದ ಸ್ಥಳಗಳಲ್ಲಿ ನೀರಿನ ತೊಟ್ಟಿಗಳು. ಗೋಡೆ, ಮಾಡು, ಮಹಡಿಗಳನ್ನು ಕೈಯಲ್ಲಿ ಕಾಸು ಬಂದಂತೆಲ್ಲ ಅವರವರೇ ಕಟ್ಟಿಕೊಂಡರು. ೧೯೯೫ರಲ್ಲಿ ಇದಕ್ಕೆ ಆಗಾ ಖಾನ್ ಪುರಸ್ಕಾರವು ದೊರೆಯಿತು. ಇಡೀ ಮನೆ, ಆಮೇಲೆ ಮಾಡು, ಆಮೇಲೆ ನೀರು: ಸರಕಾರದ ಕರ್ತವ್ಯವೆಂದು ತಜ್ಞರು ಬಗೆದದ್ದು ಕ್ರಮಕ್ರಮವಾಗಿ ಹೀಗೆ ಇಳಿಯುತ್ತ ಬಂದು ಕಡೆಗೆ ನಲ್ಲಿಯ ಮುಂದೆ ನಿಂತಿತು. ಬಡವನು ತಾನಾಗಿ ಮಾಡಿಕೊಳ್ಳಲಾರದ ವಸ್ತು ನೀರೊಂದೇ ಎಂದಾಯಿತು.

ಹೀಗಿರಲಾಗಿ, ಲಂಡನ್ನಿನ ಉಪನ್ಯಾಸಗಳಲ್ಲಿ ನೀರಿಗೆ ದೊರೆತ ಸ್ಥಾನವೇನು? ೧೯೭೦ರ ಹೊತ್ತಿಗೆ ಕಾರ್ಲ್ ಮಹೋನಿ ಎಂಬ ಸಹೋದ್ಯೋಗಿಯ ಹೆಸರಿನಿಂದ ಪ್ರಸಿದ್ಧವಾದ ಕೋಷ್ಟಕಗಳು ಅಲ್ಲಿ ಸಿದ್ಧವಾದುವು. ಒಂದು ಊರಿನ ತಿಂಗಳು ತಿಂಗಳಿನ ಉಷ್ಣತೆ, ತೇವ, ಮಳೆಗಳ ಅಂಕೆಗಳನ್ನು ತುಂಬಿದರೆ ಆರು ಸೂಚಕಗಳು ಹೊರಡುವುವು. ಗಾಳಿ ಆಡಲೇಬೇಕೆ, ಆಡಿದರೆ ಒಳ್ಳೆಯದೆ, ಮಳೆಯಿಂದ ರಕ್ಷಣೆ ಬೇಕೆ ಎಂದು ಮೂರು. ಗೋಡೆಯು ಬಿಸಿಯನ್ನು ಹಿಡಿದಿಡಬೇಕೆ, ಹೊರಗೆ ಮಲಗಲು ಸ್ಥಳ ಬೇಕೆ, ಚಳಿಯ ತೊಂದರೆಯುಂಟೆ ಎಂದು ಮೂರು. ಇವುಗಳಿಂದ ಮನೆಯ ದಿಕ್ಕು, ಕಿಟಕಿಯ ಅಳತೆ, ಗೋಡೆಯ ದಪ್ಪ ಎಲ್ಲವೂ ನಿರ್ಣಯವಾಗುವುವು. ಬಹಳ ಜಾಣ್ಮೆಯ ಕೆಲಸವಿದು; ಲೆಕ್ಕದ ಯಂತ್ರವಿಲ್ಲದೆ, ಸೀಸದಕಡ್ಡಿಯೊಂದರಿಂದ ಮಾಡಬಹುದಾದದ್ದು. ಬೇಸಗೆಯಲ್ಲಿ ಜಗಲಿಯ ಮೇಲೋ ಮಾಳಿಗೆಯ ಮೇಲೋ ಮಲಗುವ ನಮ್ಮ ಬಯಲುಸೀಮೆಯವರ ಪದ್ಧತಿಗೆ ಶಾಸ್ತ್ರದಲ್ಲಿ ಒಂದು ಅಂಕಣ ದೊರೆತದ್ದನ್ನು ನೋಡಿ ಸಂತೋಷವಾಗುತ್ತದೆ.

ಆದರೆ ಬಳ್ಳಾರಿಯ ಅಂಕೆಗಳನ್ನು ಇದರಲ್ಲಿ ತುಂಬಿ ನೋಡಬೇಕು. ಮಳೆಯ ಸೂಚಕವು ಎಚ್ಚರವಾಗುವುದು ತಿಂಗಳಿಗೆ ೨೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದಾಗ. ವರ್ಷಕ್ಕೇ ಸುಮಾರು ೫೦೦ ಮಿಲಿಮೀಟರ್ ಮಳೆ ಕಾಣುವ ಬಳ್ಳಾರಿಯಲ್ಲಿ ಸಾಧಾರಣ ವರ್ಷದಲ್ಲಿ ಯಾವ ತಿಂಗಳೂ ಆ ಮಟ್ಟವನ್ನು ಮುಟ್ಟುವುದಿಲ್ಲ. ಆದುದರಿಂದ ಆ ಅಂಕಣವು ಖಾಲಿ ಉಳಿಯುವುದು. ಎಂದರೆ, ನೀರೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿರುವ ಊರಿನಲ್ಲಿ ಕೋಷ್ಟಕವು ನೀರಿನ ವಿಚಾರವಾಗಿ ಏನನ್ನೂ ಹೇಳುವುದಿಲ್ಲ. ಅದರ ದೃಷ್ಟಿಯಲ್ಲಿ ನೀರೆಂಬುದು ಮನೆಯೊಳಕ್ಕೆ ಬಾರದಂತೆ ತಡೆಯಬೇಕಾದ ವಸ್ತು. ಮನೆಗೆ ತರಬೇಕಾದ ವಸ್ತುವಲ್ಲ. ೧೯೭೦ರ ದಶಕದ ಮೊದಲ ಭಾಗದಲ್ಲಿ ಕೋನಿಗ್ಸ್‌ಬರ್ಗರರೂ ಅವರ ಸಂಗಡಿಗರೂ ಸೇರಿ ಪ್ರಕಟಿಸಿ, ಇಂದಿಗೂ ನಮ್ಮ ವಾಸ್ತುವಿದ್ಯಾಲಯಗಳಲ್ಲಿ ಓದುವ ಕೈಪಿಡಿಯ ಅಧ್ಯಾಯಗಳನ್ನು ನೋಡಿದರೂ ಹೀಗೆಯೇ. ಹವೆ, ದೇಹಸುಖ, ಉಷ್ಣದ ನಿಯಂತ್ರಣ, ಬೆಳಕು, ಸದ್ದು ಇವಕ್ಕೆ ಒಂದೊಂದು ಪ್ರಕರಣವಿದೆ. ಬಾವಿಗೂ ಕೆರೆಗೂ ಬಚ್ಚಲಿಗೂ ಇಲ್ಲ. ಇದನ್ನು ಗ್ರಂಥಕರ್ತರ ದೋಷವೆಂದು ನಾನು ಹೇಳುತ್ತಿಲ್ಲ. ಗ್ರಂಥದ ಉದ್ದೇಶವೇ ಹವೆಯ ವಿಚಾರವೆಂದು ಅವರು ಮೊದಲಲ್ಲಿಯೇ ಸ್ಪಷ್ಟಪಡಿಸಿರುವರು. ಆದರೆ ಪಾಠವಾಗಿ ಉಳಿದದ್ದು ಅದೇ ಭಾಗ. ಹವೆಯನ್ನು ಅಂಕೆಗಳಲ್ಲಿ ತುಂಬಿ ಯಾವ ದೇಶಕ್ಕಾದರೂ ಒಯ್ಯಬಹುದು. ಕೆರೆಯು ಏರಿಯನ್ನೂ ತೂಬನ್ನೂ ಅಚ್ಚುಕಟ್ಟನ್ನೂ ನೀರುಗಂಟಿಯನ್ನೂ ಬಿಟ್ಟು ಕದಲುವುದಿಲ್ಲ.

ಪೊರುಮಾಮಿಳ್ಳದ ಶಾಸನದ ಅಂಗಗಳ ಪಟ್ಟಿಯೊಡನೆ ಇದನ್ನು ಹೋಲಿಸಿದರೆ ಭೇದವು ತಿಳಿಯುವುದು. ಅಲ್ಲಿ ಹನ್ನೆರಡರಲ್ಲಿ ಅರಸ, ಶಾಸ್ತ್ರಜ್ಞ, ಕೆಲಸಗಾರರೆಂದು ಮೂರು ಅಂಗಗಳು ಮನುಷ್ಯರೇ. ಇಲ್ಲಿ ಆರರಲ್ಲಿ ಒಂದೂ ಇಲ್ಲ.

ಕೋನಿಗ್ಸ್‌ಬರ್ಗರರು ಒಂಬತ್ತು ವರ್ಷ ವಾಸವಾಗಿದ್ದ ಬೆಂಗಳೂರಿನ ನೀರಿನ ಚರಿತ್ರೆಯೂ ಈ ವಿಷಯದಲ್ಲಿ ನೋಡತಕ್ಕದ್ದಾಗಿದೆ. ಸಮುದ್ರಮಟ್ಟಕ್ಕೆ ಸುಮಾರು ೯೨೦ ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಈ ಊರಿಗೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಕೆರೆಗಳ ಸರಪಣಿಯೇ ಅದನ್ನು ಸಾಕಿತು. ೧೮೯೬ರಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಕೊಳಾಯಿಯ ನೀರು ಬಂದಿತು. ನೀರು ಹೊರಗಿನಿಂದ ಬಂದಂತೆಲ್ಲ ಒಳಗಿನ ಕೆರೆಗಳು ಬೇಡವಾದುವು. ಕೆಂಪೇಗೌಡನ ಕಾಲದ್ದೆಂದು ಪ್ರತೀತಿಯಿರುವ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದುವು. ಬಾತುಕೋಳಿ ಮೀನುಗಳ ಸಲಹೆ ಬೊಂಬಾಯಿ ಪ್ರಾಂತ್ಯದ ಕಡತದಲ್ಲಿಯೇ ಉಳಿಯಿತು. ೧೯೭೪ರಲ್ಲಿ ಕಾವೇರಿಯ ನೀರು ಮೊದಲ ಸಲ ನಗರವನ್ನು ಮುಟ್ಟಿತು. ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಮೇಲಕ್ಕೆ, ವಿದ್ಯುಚ್ಛಕ್ತಿಯಿಂದ ಎತ್ತಿ ತಂದ ನೀರದು. ಆ ಹೊಳೆಯ ನೀರನ್ನು ಕುರಿತು ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಒಡಂಬಡಿಕೆಗಳು ಆಗಿದ್ದುವು. ವ್ಯಾಜ್ಯವು ಅದರ ಮೇಲೂ ಮುಗಿಯಲಿಲ್ಲ. ಎರಡು ರಾಜ್ಯಗಳ ಗಡಿಯಲ್ಲಿರುವ ನೀರು ಎಂಬುದು ಭಾಸ್ಕರನ ಶಾಸನದ ಆರು ದೋಷಗಳ ಎಣಿಕೆಯಲ್ಲಿ ಮೂರನೆಯದು.